ಹಾಡು ನಮ್ಮದು, ಪೆಟ್ಟಿಗೆ ಯಾರದು?

ಹಾಡು ನಮ್ಮದು. ತಮಟೆ ನಮ್ಮದು. ಗಂಟಲು ನಮ್ಮದು. ಮೈಕಿನ ಸ್ವಿಚ್ಚು ಮಾತ್ರ ಅವರ ಕೈಯಲ್ಲಿದೆ.

ಹಳ್ಳಿಹಳ್ಳಿ ಸುತ್ತುವ ಹೋರಾಟದ ಹಾಡಿನ ತಂಡಗಳ ಸ್ಥಿತಿ ಇವತ್ತು ಹೀಗಿದೆ. ಭೂಮಿ ಕೇಳುವ ಹಾಡು ನಮ್ಮಲ್ಲಿದೆ. ನೀರು ಕೇಳುವ ಹಾಡಿದೆ. ಗುಡಿಯ ಬಾಗಿಲಿಗೆ, ಹೋಟೆಲಿನ ಲೋಟಕ್ಕೆ, ಕ್ಷೌರದಂಗಡಿಯ ಕುರ್ಚಿಗೆ ಸವಾಲು ಹಾಕುವ ಹಾಡಿದೆ. ಆ ಹಾಡನ್ನು ನಾಲ್ಕು ಜನಕ್ಕೆ ಕೇಳಿಸಬೇಕಾದ ದಿನ ಬಂದರೆ ಹೋಬಳಿಯ ಮೈಕ್‌ಸೆಟ್ ಅಂಗಡಿಯ ಮುಂದೆ ಹೋಗಿ ನಿಲ್ಲಬೇಕು. ಯಾರ ದೌರ್ಜನ್ಯದ ವಿರುದ್ಧ ಹಾಡುತ್ತೇವೋ ಅವರ ಭಾವನೋ ಭಾಮೈದನೋ ಆ ಅಂಗಡಿಯ ಯಜಮಾನ. ಅವನು ಕೊಟ್ಟರೆ ಕಾರ್ಯಕ್ರಮ. ಕೊಡದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ನಾವು ಹೇಳಲು ಹೊರಟಿರುವುದು ಒಂದೇ ಮಾತು. ತನ್ನ ಸದ್ದಿನ ಪೆಟ್ಟಿಗೆಯನ್ನು ತಾನೇ ಕಟ್ಟಿ, ತಾನೇ ಹೊತ್ತು, ತಾನೇ ಬಿಚ್ಚುವ ತಂಡ ಮಾತ್ರ ಸ್ವತಂತ್ರ ತಂಡ. ಮಿಕ್ಕದ್ದೆಲ್ಲ ಕಡ ತಂದ ದನಿ. ಪೆಟ್ಟಿಗೆ ಕಟ್ಟುವುದನ್ನು ಹಾಡು ಮುಗಿದ ಮೇಲಿನ ಕೂಲಿ ಕೆಲಸ ಎಂದುಕೊಂಡವರಿಗೆ ಚಳವಳಿ ಎಂದರೇನೆಂದು ಇನ್ನೂ ಅರ್ಥವಾಗಿಲ್ಲ.

"ಇದೇನ್ರೀ, ಸಾಹಿತ್ಯದ ಪತ್ರಿಕೆಯಲ್ಲಿ ವೈರು, ಫ್ಯೂಸು, ಬ್ಯಾಟರಿ ಮಾತು?" ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಮುರಿಯಲಿ. ಟೌನ್‌ಹಾಲಿನಲ್ಲಿ ಕೂತು ಕಾವ್ಯಮೀಮಾಂಸೆ ಮಾಡುವವರಿಗೆ ಮೈಕು ಎಲ್ಲಿಂದ ಬರುತ್ತದೆ, ಯಾರು ಹೊತ್ತು ತರುತ್ತಾರೆ ಎಂದು ಯೋಚಿಸುವ ಕಷ್ಟ ಯಾವತ್ತೂ ಬಂದಿಲ್ಲ. ಅವರು ಮಾತಾಡಲು ಎದ್ದು ನಿಂತಾಗ ಮೈಕು ಅಲ್ಲಿ ಇರುತ್ತದೆ, ಹುಟ್ಟುವಾಗಲೇ ಹೆಗಲ ಮೇಲೆ ದಾರ ಇದ್ದ ಹಾಗೆ.

*

ಮೊದಲು ಮೈಕ್‌ಸೆಟ್ ಅಂಗಡಿಯ ರಾಜಕೀಯ ನೋಡೋಣ.

"ಯಾವ್ ಕಡೆಗ್ರಪ್ಪಾ ಪ್ರೋಗ್ರಾಮು?"

"ನಮ್ಮ ಕೇರಿಗೆ ಕಣಣ್ಣಾ. ಹಾಡಿನ ಕಾರ್ಯಕ್ರಮ."

"ಓಹೋ... ಆಂಪ್ಲಿಫೈರು ಸುಟ್ಟೋಗ್ಬುಟ್ಟದೆ ಕಣ್ರಪ್ಪಾ. ಮುಂದಿನ ವಾರ ನೋಡಾನ."

ಅದೇ ಸಂಜೆ ಅದೇ ಆಂಪ್ಲಿಫೈರು ಊರ ಮುಂದಿನ ಗುಡಿಯಲ್ಲಿ ಕೂಗುತ್ತಿರುತ್ತದೆ. ಕೇರಿಯ ಹೆಸರು ಕೇಳಿದ ಕೂಡಲೇ ಸುಟ್ಟುಹೋಗುವ, ಗುಡಿಯ ಹೆಸರು ಕೇಳಿದ ಕೂಡಲೇ ರಿಪೇರಿಯಾಗುವ ಯಂತ್ರ ಇದು! ಯಾವ ಎಂಜಿನಿಯರೂ ಇದನ್ನು ಕಂಡುಹಿಡಿದಿಲ್ಲ. ಇದು ಮನು ಕಂಡುಹಿಡಿದ ಯಂತ್ರ.

ಕಾನೂನು ಇದೆಯಲ್ಲ ಎನ್ನಬಹುದು. ಇದೆ. ೧೯೫೫ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಸಾಮಾನು ಮಾರಲು ಒಪ್ಪದಿರುವುದು, ಸೇವೆ ಕೊಡಲು ಒಪ್ಪದಿರುವುದು ಶಿಕ್ಷೆಯಾಗುವ ಅಪರಾಧ. ೧೯೮೯ರ ದೌರ್ಜನ್ಯ ತಡೆ ಕಾಯ್ದೆ ಅದಕ್ಕಿಂತ ಬಿಗಿಯಾದದ್ದು. ಆದರೆ ಅಂಗಡಿಯವನು "ನೀವು ಇಂಥಾ ಜಾತಿ, ಕೊಡಲ್ಲ" ಎನ್ನುವಷ್ಟು ದಡ್ಡನಲ್ಲ. "ಸುಟ್ಟೋಗದೆ" ಅಂತಾನೆ. ಸುಟ್ಟಿದ್ದನ್ನು ಸುಟ್ಟಿಲ್ಲ ಎಂದು ಯಾವ ಕೋರ್ಟಿನಲ್ಲಿ ತೋರಿಸುವುದು? ಕಾರ್ಯಕ್ರಮ ಇರುವುದು ಈ ರಾತ್ರಿ, ಸಾಕ್ಷಿ ವಿಚಾರಣೆ ಇರುವುದು ಇನ್ನು ನಾಲ್ಕು ವರ್ಷಕ್ಕೆ.

ಇನ್ನು ಮೈಕ್‌ಸೆಟ್ ಸಿಕ್ಕಿತು ಎನ್ನಿ. ಕರೆಂಟು ಯಾರ ಮನೆಯಿಂದ? ಕೇರಿಯ ಮಗ್ಗುಲಲ್ಲಿ ಊರಿನವರ ಮನೆಯಿದ್ದರೆ ಅಲ್ಲಿಂದ ಒಂದು ಲೈನು ಎಳೆಯಬೇಕು. ಮೊದಲ ಎರಡು ಹಾಡಿನವರೆಗೆ ಕರೆಂಟು ಇರುತ್ತದೆ. ಮೂರನೆಯ ಹಾಡಿನಲ್ಲಿ ಕೂಲಿಯ ಮಾತೋ ಬಗರ್‌ಹುಕುಂ ಜಮೀನಿನ ಮಾತೋ ಬರುತ್ತಿದ್ದ ಹಾಗೆ ಒಳಗಿನಿಂದ ಪ್ಲಗ್ಗು ಕಿತ್ತುಕೊಳ್ಳುತ್ತದೆ. "ಪಂಪ್‌ಸೆಟ್ ಹಾಕ್ಬೇಕಿತ್ತು, ತಗದ್ವಿ" ಅಂತಾರೆ. ಲೈನು ಕೊಟ್ಟವರು ಹಾಡನ್ನೂ ಅಳೆದು ಕೊಡುತ್ತಾರೆ. ಬೀದಿ ಕಂಬಕ್ಕೆ ಕೊಕ್ಕೆ ಹಾಕೋಣ ಎನ್ನುವ ಹುಡುಗರಿಗೆ ಒಂದು ಮಾತು: ಜೀವ ಹೋಗುತ್ತದೆ. ಜೀವ ಉಳಿದರೂ ೨೦೦೩ರ ವಿದ್ಯುತ್ ಕಾಯ್ದೆಯಲ್ಲಿ ಕಳ್ಳತನದ ಕೇಸು ಬೀಳುತ್ತದೆ. ನಮ್ಮನ್ನು ಒಳಗೆ ಹಾಕಲು ನೆಪ ಹುಡುಕುತ್ತಾ ಇರುವವರ ಕೈಗೆ ನಾವೇ ಯಾಕೆ ನೆಪ ಕೊಡಬೇಕು?

ಮೂರನೆಯವನು ಮೈಕ್‌ಸೆಟ್ಟಿನ ಜೊತೆಗೆ ಬರುವ ಆಪರೇಟರ್. ಅವನ ಬೆರಳು ಗುಂಡಿಯ ಮೇಲಿರುತ್ತದೆ. ಗೌಡರ ಹೆಸರು ಹಾಡಿನಲ್ಲಿ ಬಂದರೆ ಗುಂಡಿ ಎಡಕ್ಕೆ ತಿರುಗುತ್ತದೆ. ಹಾಡುವವರು ಬಾಯಿ ತೆಗೆದೇ ಇರುತ್ತಾರೆ, ದನಿ ಮಾತ್ರ ಅವರ ಎದೆಯ ಮಟ್ಟಕ್ಕೆ ಬಿದ್ದುಹೋಗಿರುತ್ತದೆ. ಇದಕ್ಕಿಂತ ಸಲೀಸಾದ ಸೆನ್ಸಾರ್ ಮಂಡಳಿ ಇನ್ನೊಂದಿದೆಯೇ?

ಅಂಗಡಿ, ಲೈನು, ಗುಂಡಿ. ಈ ಮೂರೂ ನಮ್ಮ ಕೈಗೆ ಬರಬೇಕು. ಈ ಮೂರನ್ನೂ ಒಂದು ಟ್ರಂಕು, ಒಂದು ಚೀಲ, ಒಂದು ಬಾಕ್ಸಿನಲ್ಲಿ ಕಟ್ಟಿ ಬಸ್ಸು ಹತ್ತಬಹುದು. ಅದು ಹೇಗೆ ಎನ್ನುವುದನ್ನು ಹೇಳುವ ಮುನ್ನ ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು.

*

ಮೊದಲನೆಯದು ಜನಪದ ಪ್ರೇಮಿಗಳದು. "ಯಾಕ್ರೀ ನಿಮಗೆ ಮೈಕು? ತಮಟೆಗೆ ಮೈಕು ಬೇಕಾ? ಏಕತಾರಿ ಹಿಡಿದು ಬಯಲಲ್ಲಿ ಹಾಡೋದೇ ಚೆಂದ. ಆಗಿನವರು ಮೈಕು ಹಿಡಿದಿದ್ದರಾ?" ಎನ್ನುತ್ತಾರೆ. ಈ ಮಾತನ್ನು ಅವರು ಯಾವಾಗಲೂ ಮೈಕಿನ ಮುಂದೆ ನಿಂತೇ ಹೇಳುತ್ತಾರೆ ಎನ್ನುವುದನ್ನು ಗಮನಿಸಿ.

ಆಗಿನ ಮಾತು ನಮಗೂ ಗೊತ್ತು. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆ ಮಾದಿಗರ ಹಾಡು' ಬಂತು. ೧೯೭೯ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ನಡೆಯಿತು. ಆ ಕಾಲದ ಹಾಡುಗಳು ಕಾಲುನಡಿಗೆಯಲ್ಲಿ, ಜಾಥಾಗಳಲ್ಲಿ, ಮೈಕಿಲ್ಲದ ಗಂಟಲುಗಳಲ್ಲಿ ಊರೂರು ತಿರುಗಿದವು. ಅದು ನಮ್ಮ ಹೆಮ್ಮೆ. ಆದರೆ ಅವರು ಮೈಕು ಬೇಡವೆಂದು ಬಿಟ್ಟವರಲ್ಲ, ಮೈಕಿಲ್ಲದೆ ಹಾಡಿದವರು. ಬಡತನವನ್ನು ಸೌಂದರ್ಯ ಎಂದು ಕರೆಯುವುದು ಹೊಟ್ಟೆ ತುಂಬಿದವರ ಚಾಳಿ.

ಸದ್ದಿನ ಲೆಕ್ಕ ಕೇಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದ ಪ್ರತಿ ಸಲವೂ ದನಿ ೬ ಡೆಸಿಬೆಲ್ ಇಳಿಯುತ್ತದೆ. ೧ ಮೀಟರಿನಲ್ಲಿ ಕೇಳುವ ದನಿ ೩೨ ಮೀಟರು ದಾಟುವ ಹೊತ್ತಿಗೆ ೩೦ ಡೆಸಿಬೆಲ್ ಕಳೆದುಕೊಂಡಿರುತ್ತದೆ. ಮಾಮೂಲಿ ಮಾತಿನ ದನಿ ಒಂದು ಮೀಟರಿನಲ್ಲಿ ೬೦ ಡೆಸಿಬೆಲ್ ಆಸುಪಾಸು. ಕೇರಿಯ ಕೊನೆಯ ಮನೆಯ ಜಗಲಿ ಮುಟ್ಟುವಷ್ಟರಲ್ಲಿ ಅದರಲ್ಲಿ ಉಳಿಯುವುದೆಷ್ಟು? ಆವತ್ತಿನ ರಾತ್ರಿ ಇವತ್ತಿಲ್ಲ. ಇವತ್ತಿನ ರಾತ್ರಿಯಲ್ಲಿ ಟ್ರ್ಯಾಕ್ಟರಿನ ಡೆಕ್ಕಿದೆ, ಟಿ.ವಿ. ಇದೆ, ಗುಡಿಯ ಹಾರನ್ನಿದೆ, ಪ್ರತಿ ಕೈಯಲ್ಲೂ ಫೋನಿದೆ.

ಹೀಗಿರುವಾಗ ಮೈಕಿಲ್ಲದ ಬಯಲಿನಲ್ಲಿ ಗೆಲ್ಲುವವರು ಯಾರು? ದೊಡ್ಡ ಗಂಟಲಿನ ಗಂಡಸರು. ಸೋಲುವವರು ಯಾರು? ಅರವತ್ತು ದಾಟಿದ ಸೋಬಾನೆ ಪದದ ಅಜ್ಜಿ. ಮೊದಲ ಸಲ ಎದ್ದುನಿಂತ ಹೈಸ್ಕೂಲು ಹುಡುಗಿ. ಸಣ್ಣ ದನಿಯಲ್ಲಿ ತತ್ವಪದ ಹೇಳುವ ಮುದುಕ. ಚೌಡಿಕೆಯ ಜೋಗತಿ. ಏಕತಾರಿಯ ಒಂದೇ ತಂತಿ ಮೂರನೆಯ ಸಾಲಿಗೇ ಸತ್ತುಹೋಗುತ್ತದೆ. ಮೈಕು ಕೂಗುವವರಿಗಲ್ಲ, ಕೂಗಲಾರದವರಿಗೆ ಬೇಕು. "ಮೈಕು ಬೇಡ" ಎನ್ನುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಅಜ್ಜಿಯನ್ನು ಮನೆಗೆ ಕಳಿಸುತ್ತಿದ್ದಾರೆ.

ಎರಡನೆಯ ಆಕ್ಷೇಪ ನಮ್ಮ ಹುಡುಗರದೇ. "ಸಣ್ಣ ಬಾಕ್ಸು ಯಾವ ಮೂಲೆಗೆ ಸಾರ್? ಡಿಜೆ ಹಾಕಿಸೋಣ, ಊರೇ ನಡುಗಬೇಕು" ಅಂತಾರೆ. ಏಪ್ರಿಲ್ ೧೪ ಬಂತೆಂದರೆ ಲಾರಿಯ ಮೇಲೆ ಗೋಡೆಯೆತ್ತರ ಬಾಕ್ಸು, ಎದೆ ಗುದ್ದುವ ಸದ್ದು. ಆ ಹುಡುಗರ ಸಿಟ್ಟು ನಮಗೆ ಅರ್ಥವಾಗುತ್ತದೆ. ನೂರಾರು ವರ್ಷ ಪಿಸುಮಾತಿನಲ್ಲಿ ಬದುಕಿದ ಕೇರಿ ಒಂದು ದಿನವಾದರೂ ಊರಿಗೆ ಕೇಳಿಸಬೇಕೆಂದು ಬಯಸಿದರೆ ತಪ್ಪೇನು? ತಪ್ಪಿಲ್ಲ. ಆದರೆ ಕೇಳಿಸಿದ್ದು ಏನು? ಬಾಬಾಸಾಹೇಬರ ಒಂದು ಮಾತಾದರೂ ಆ ಗುದ್ದಿನಲ್ಲಿ ಕೇಳಿಸಿತೇ? ಊರು ಹೆದರಿತೇ ಹೊರತು ಊರಿಗೆ ಏನೂ ತಿಳಿಯಲಿಲ್ಲ. ಬಾಡಿಗೆ ದುಡ್ಡು ಮಾತ್ರ ಮತ್ತೆ ಅದೇ ಅಂಗಡಿಯವನ ಗಲ್ಲಾಕ್ಕೆ ಬಿತ್ತು.

ವ್ಯಾಟಿನ ಮೋಸವನ್ನೂ ತಿಳಿದುಕೊಳ್ಳಿ. ೧೦೦೦ ವ್ಯಾಟಿನ ಬದಲು ೨೦೦೦ ವ್ಯಾಟು ಹಾಕಿದರೆ ಸದ್ದು ಎರಡು ಪಟ್ಟಾಗುವುದಿಲ್ಲ, ೩ ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟು ಬೇಕು. ಬಾಡಿಗೆ ಹೆಚ್ಚುವಷ್ಟು ಬೇಗ ಸದ್ದು ಹೆಚ್ಚುವುದಿಲ್ಲ, ಕಿವಿ ಮಾತ್ರ ಹಾಳಾಗುತ್ತದೆ. ದುಡಿಯುವವರ ಕಿವಿಯ ಬಗ್ಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ ಹೀಗಿದೆ: ೮೫ ಡೆಸಿಬೆಲ್ಲಿನಲ್ಲಿ ದಿನಕ್ಕೆ ೮ ಗಂಟೆ, ಅಲ್ಲಿಂದ ಪ್ರತಿ ೩ ಡೆಸಿಬೆಲ್ಲಿಗೆ ಹೊತ್ತು ಅರ್ಧ. ೧೦೦ ಡೆಸಿಬೆಲ್ಲಿಗೆ ಬಂದರೆ ಬರೀ ೧೫ ನಿಮಿಷ. ಬಾಕ್ಸಿನ ಮುಂದೆ ರಾತ್ರಿಯಿಡೀ ಕುಣಿದ ಹುಡುಗನ ಕಿವಿಗೆ ಯಾವ ನಾಯಕ ಪರಿಹಾರ ಕೊಡುತ್ತಾನೆ?

ನಮಗೆ ಬೇಕಾಗಿರುವುದು ಎದೆ ನಡುಗಿಸುವ ಸದ್ದಲ್ಲ, ಕೊನೆಯ ಜಗಲಿಯವರೆಗೆ ಮಾತು ಮುಟ್ಟಿಸುವ ದನಿ. ಅದು ಇಬ್ಬರು ಹೊರಬಲ್ಲ ಸಾಮಾನಿನಲ್ಲಿ ಸಾಧ್ಯ.

*

ಈಗ ಸಾಮಾನಿಗೆ ಬರೋಣ. ಮೇಷ್ಟ್ರುಗಳು ಇದನ್ನು ಓದಿ ಹುಡುಗರಿಗೆ ತಿಳಿಸಿ ಹೇಳಲಿ.

ಮೊದಲು ಬಾಕ್ಸು. ಒಳಗೇ ಆಂಪ್ಲಿಫೈರು, ಒಳಗೇ ಬ್ಯಾಟರಿ ಇರುವ ಒಂದು ಬಾಕ್ಸು ಸಾಕು. ೧೦ ಅಥವಾ ೧೨ ಇಂಚಿನ ಸ್ಪೀಕರಿರಲಿ. ಒಬ್ಬ ಎತ್ತಬಲ್ಲ ತೂಕವಿರಲಿ. ಬ್ಯಾಟರಿ ಎನ್ನುವುದು ಬರೀ ಅನುಕೂಲವಲ್ಲ, ಅದು ಲೈನು ಕೊಡುವವರ ಹಂಗು ಹರಿಯುವ ಕತ್ತರಿ. ಹೊಸದು ಕೊಳ್ಳಲಾಗದ ತಂಡ ೧೨ ವೋಲ್ಟಿನ ಬ್ಯಾಟರಿಗೂ ನಡೆಯುವ ಹಳೇ ಆಂಪ್ಲಿಫೈರು ಹುಡುಕಲಿ. ಹಾರನ್ನು ಬೇಡ. ಅದು ದೂರ ಹೋಗುತ್ತದೆ ನಿಜ, ಪ್ರಚಾರಕ್ಕೆ ಸರಿ. ಹಾಡಿನ ಮೆತು, ತಮಟೆಯ ತಳದ ಗುಡುಗು ಅದರಲ್ಲಿ ಬರುವುದಿಲ್ಲ, ಎಲ್ಲ ದನಿಯೂ ತಗಡಾಗುತ್ತದೆ. ಬಾಕ್ಸನ್ನು ನೆಲದ ಮೇಲೆ ಇಡಬೇಡಿ. ಮುಂದೆ ಕೂತವರ ಮೈಯೇ ಸದ್ದನ್ನು ಕುಡಿಯುತ್ತದೆ. ಆಳೆತ್ತರಕ್ಕಿಂತ ಮೇಲೆ, ಜಗಲಿಯ ಮೇಲೊಂದು ಡ್ರಮ್ಮು ಇಟ್ಟಾದರೂ ಸರಿ, ಎತ್ತಿ ಇಡಿ. ದುಡ್ಡಿಲ್ಲದೆ ಸಿಗುವ ವ್ಯಾಟು ಅದು.

ಎರಡನೆಯದು ಮೈಕು. ಕಂಡೆನ್ಸರ್ ಮೈಕು ಬೇಡ. ಅದಕ್ಕೆ ಬೇರೆ ಕರೆಂಟು ಉಣಿಸಬೇಕು, ದೊಡ್ಡ ಮಿಕ್ಸರುಗಳಲ್ಲಿ ೪೮ ವೋಲ್ಟು. ಮೇಲಾಗಿ ಬಯಲಿನ ನಾಯಿ, ಟ್ರ್ಯಾಕ್ಟರು, ಗಾಳಿ ಎಲ್ಲವನ್ನೂ ಅದು ಹಿಡಿದು ತರುತ್ತದೆ. ಡೈನಮಿಕ್ ಮೈಕು ನಮಗೆ ಸರಿ. ಬಿದ್ದರೂ ಬದುಕುತ್ತದೆ. ಶೂರ್ ಕಂಪನಿಯ ಎಸ್‌ಎಂ ೫೮ ಎನ್ನುವ ಮೈಕು ೧೯೬೬ರಿಂದ ಬರುತ್ತಿದೆ, ತೂಕ ೩೦೦ ಗ್ರಾಂ ಆಸುಪಾಸು. ಅದರ ನಕಲಿಯೂ ಸಂತೆಯಲ್ಲಿ ಬೇಕಾದಷ್ಟಿದೆ, ನೋಡಿ ತಗೊಳ್ಳಿ. ಅದೇ ಬೇಕೆಂದಿಲ್ಲ, ಆ ಜಾತಿಯ ಯಾವುದಾದರೂ ಎರಡು ಮೈಕು ಸಾಕು. ಇಲ್ಲಿ ಮಾತ್ರ ಜಾತಿ ನೋಡಬಹುದು! ಈ ಮೈಕು ಮುಂದಿನಿಂದ ಕೇಳುತ್ತದೆ, ಬೆನ್ನಿನಿಂದ ಕೇಳುವುದು ಕಮ್ಮಿ. ಹಾಗಾಗಿ ಬಾಕ್ಸು ಮೈಕಿನ ಬೆನ್ನಿಗಿರಲಿ, ಹಾಡುವವರಿಗಿಂತ ಮುಂದಿರಲಿ. ಇಲ್ಲದಿದ್ದರೆ "ಕುಂಯ್" ಎಂದು ಕಿರುಚುತ್ತದೆ. ಸಿನಿಮಾದವರ ಹಾಗೆ ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೂ ಕಿರುಚುತ್ತದೆ.

ಮೂರನೆಯದು ವೈರು. ಅರ್ಧ ಕಾರ್ಯಕ್ರಮಗಳು ಕೆಡುವುದು ವೈರಿನಿಂದ. ಕಾರ್ಯಕ್ರಮ ಮುಗಿದ ಕೂಡಲೇ ಮೊಳಕೈಗೂ ಅಂಗೈಗೂ ಬಿಗಿಯಾಗಿ ಸುತ್ತಿ ಗಂಟು ಹಾಕಿ ಬಿಸಾಡುತ್ತಾರೆ. ಒಳಗಿನ ಎಳೆ ಮುರುಕಿಕೊಂಡು ತುಂಡಾಗುತ್ತದೆ, ಮೇಲಿನ ಸಿಪ್ಪೆ ಮಾತ್ರ ನುಣ್ಣಗಿರುತ್ತದೆ. ವೈರು ತನಗೆ ಬೇಕಾದ ಹಾಗೆ ಬಳೆಯಾಗಲಿ ಬಿಡಿ. ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಒಳಮಗ್ಗುಲಿನಿಂದ, ಹೀಗೆ ಸಡಿಲವಾಗಿ ಸುತ್ತಿ ಹಳೇ ಸೀರೆಯ ಪಟ್ಟಿಯಲ್ಲಿ ಕಟ್ಟಿ. ಮಾರನೆಯ ದಿನ ಎಸೆದರೆ ಗೋಜಲಿಲ್ಲದೆ ಬಿಚ್ಚಿಕೊಳ್ಳುತ್ತದೆ. ಇದನ್ನು ಪಟ್ಟಣದವರು ವಿದ್ಯೆ ಅಂತಾರೆ. ಕಪಿಲೆಗೆ ಮಿಣಿ ಹೊಸೆದು ಸುತ್ತಿಟ್ಟ ಕೇರಿಯ ಮುದುಕನನ್ನು ಕೇಳಿ ನೋಡಿ, ನಕ್ಕುಬಿಡುತ್ತಾನೆ.

ನಾಲ್ಕನೆಯದು ಸಣ್ಣ ಡಬ್ಬಿ. ಫ್ಯೂಸು, ಸೆಲ್ಲು, ಟೆಸ್ಟರು, ಸ್ಕ್ರೂಡ್ರೈವರು, ಇನ್ಸುಲೇಷನ್ ಟೇಪು, ಬ್ಲೇಡು, ಟಾರ್ಚು, ಒಂದು ಹೆಚ್ಚಿನ ಮೈಕಿನ ವೈರು, ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡು. ಮೂರನೆಯ ಪಿನ್ನು ಕಿತ್ತುಹಾಕಿ ಎರಡು ಪಿನ್ನಿಗೆ ಸಿಗಿಸುವ ಜಾಣರಿದ್ದಾರೆ. ಆ ಮೂರನೆಯ ಪಿನ್ನು ಭೂಮಿ. ಭೂಮಿ ಇಲ್ಲದಿದ್ದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿಣದ ಮೈಕು ತುಟಿಗೆ ತಾಗಿದಾಗ ಕರೆಂಟು ಹಾಡುಗಾರನ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ಹಾಕಿದ ಸಾಮಾನನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿ. ಹೋಗುವಾಗ ಎಣಿಸಿ, ಬರುವಾಗ ಎಣಿಸಿ. ಸಾಮಾನು ಕಳೆಯುವುದು ಹಾಡುವಾಗಲ್ಲ, ಚಪ್ಪಾಳೆಯ ನಂತರ ಕತ್ತಲಲ್ಲಿ ಕಟ್ಟುವಾಗ.

ಕಟ್ಟುವ ಕ್ರಮ ಹೀಗಿರಲಿ. ಭಾರದ್ದು ತಳಕ್ಕೆ. ಮೊದಲು ಬೇಕಾದದ್ದು ಕೊನೆಗೆ, ಕೈಗೆ ಸಿಗುವ ಹಾಗೆ. ಸ್ಪಂಜು ಕೊಳ್ಳಲು ದುಡ್ಡಿಲ್ಲದಿದ್ದರೆ ಕಂಬಳಿ ಇದೆ. ಕಂಬಳಿಗಿಂತ ಒಳ್ಳೆಯ ಮೆತ್ತೆ ಯಾವ ಕಂಪನಿಯೂ ಮಾಡಿಲ್ಲ, ಮಳೆ ಬಂದರೆ ಹೊದೆಯಲೂ ಆಗುತ್ತದೆ. ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಊರಿಗೆ ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಬ್ಯಾಟರಿಯನ್ನು ಚಾರ್ಜಿಗೆ ಹಾಕಿಯೇ ಮಲಗಿ. ಸೀಸದ ಬ್ಯಾಟರಿ ಹಸಿದಿದ್ದರೆ ಒಳಗೊಳಗೇ ಗಟ್ಟಿಯಾಗಿ ಸತ್ತುಹೋಗುತ್ತದೆ. ಕಾರ್ಯಕ್ರಮ ಇಲ್ಲದ ತಿಂಗಳಿನಲ್ಲೂ ಒಂದು ಸಲ ಉಣಿಸಬೇಕು.

ಟ್ರಂಕಿನಲ್ಲಿ ಇರಲೇಬೇಕಾದ ಇನ್ನೊಂದು ಸಾಮಾನು ಕಾಗದ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ, ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ೧೦೦ ಮೀಟರು ನಿಶ್ಶಬ್ದ ವಲಯ. ಬೆಳಗಿನ ಜಾವ ೫ಕ್ಕೆ ಗುಡಿಯ ಹಾರನ್ನು ಕೂಗಿದರೆ ಅದು ಭಕ್ತಿ, ಸಂಜೆ ೮ಕ್ಕೆ ಕೇರಿಯ ಹಾಡು ಕೇಳಿದರೆ ಅದು ಗಲಾಟೆ! ಕಾನೂನಿನ ಪುಸ್ತಕದಲ್ಲಿ ಹಾಗೆ ಬರೆದಿಲ್ಲ, ಠಾಣೆಯ ಕಣ್ಣಿನಲ್ಲಿ ಹಾಗೆ ಬರೆದಿದೆ. ಆದ್ದರಿಂದ ಅನುಮತಿ ಪತ್ರದ ಎರಡು ಪ್ರತಿ ಮುಚ್ಚಳದ ಜೇಬಿನಲ್ಲಿರಲಿ. ೧೦ಕ್ಕೆ ನಿಲ್ಲಿಸಿ. ಹೇಳಬೇಕಾದದ್ದನ್ನು ೧೦ರೊಳಗೆ ಹೇಳಲಾರದ ತಂಡ ಬೆಳತನಕ ಹಾಡಿದರೂ ಹೇಳಲಾರದು.

*

ಇನ್ನು ತಮಟೆ. ಈ ಬರಹದ ಹೊಟ್ಟೆಯುರಿ ಇರುವುದು ಇಲ್ಲಿ.

ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಕೆಲವು ತಂಡಗಳನ್ನು ನೋಡಿ. ಮಿಕ್ಸರಿಗೆ ಸ್ಪಂಜಿನ ಪೆಟ್ಟಿಗೆ. ಕೀಬೋರ್ಡಿಗೆ ಜಿಪ್ಪಿನ ಚೀಲ. ಹಾರ್ಮೋನಿಯಮ್ಮಿಗೆ ಮಖಮಲ್ಲಿನ ಹೊದಿಕೆ. ತಮಟೆಗೆ? ಗೊಬ್ಬರದ ಚೀಲ. ಅದೂ ಎಲ್ಲ ಸಾಮಾನಿನ ಕೆಳಗೆ, ಇಲ್ಲವೇ ಬಸ್ಸಿನ ಟಾಪಿನ ಬಿಸಿಲಿಗೆ. ಕೇಳಿದರೆ "ಅದೇನಾಯ್ತದೆ ಸಾರ್, ಗಟ್ಟಿ ಸಾಮಾನು" ಅಂತಾರೆ. ನಮ್ಮ ಜನರ ಬಗ್ಗೆ ಊರಿನವರು ಹೇಳುತ್ತಿದ್ದ ಮಾತೂ ಇದೇ ಅಲ್ಲವೇ? "ಅವರಿಗೇನಾಯ್ತದೆ, ಗಟ್ಟಿ ಮೈ."

ತಮಟೆಯ ಹಿಂದೆ ಒಂದು ಚರಿತ್ರೆ ಇದೆ. ಹೆಣದ ಮುಂದೆ, ಮಾರಿಯ ಮುಂದೆ, ಊರ ಸಾರಿಗೆ, ಬಿಟ್ಟಿಯಾಗಿ ಬಾರಿಸಬೇಕಾಗಿದ್ದ ವಾದ್ಯ ಅದು. ಹಳ್ಳಿಯ ವಂಶಪಾರಂಪರ್ಯದ ಚಾಕರಿಗಳನ್ನು ೧೯೬೧ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಕಾಗದದ ಮೇಲೆ ತೆಗೆದುಹಾಕಿತು. ನೆಲದ ಮೇಲೆ ತೆಗೆದುಹಾಕಿದ್ದು ಚಳವಳಿ. "ಬಿಟ್ಟಿ ಬಾರಿಸೋದಿಲ್ಲ" ಎಂದು ಕೈ ಎತ್ತಿದ ಕೇರಿಗಳು ಬಹಿಷ್ಕಾರ ಉಂಡವು. ಆಮೇಲೆ ಅದೇ ತಮಟೆಯನ್ನು ನಾವು ಮೆರವಣಿಗೆಯ ಮುಂದಕ್ಕೆ ತಂದೆವು. ಅವಮಾನದ ವಾದ್ಯ ಸ್ವಾಭಿಮಾನದ ವಾದ್ಯವಾಯಿತು. ೨೦೨೩ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಯ ಕೈಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ದಿಲ್ಲಿಯಲ್ಲಿ ಗೌರವ ಪಡೆದ ವಾದ್ಯ ನಮ್ಮ ಬಸ್ಸಿನಲ್ಲಿ ಗೊಬ್ಬರದ ಚೀಲದಲ್ಲಿ ಕೂತಿರುವುದು ಯಾವ ನ್ಯಾಯ?

ಚರ್ಮದ ತಮಟೆ ಥಂಡಿಗೆ ಸಡಿಲವಾಗುತ್ತದೆ. ಅದಕ್ಕೇ ಬೆಂಕಿ ಕಾಯಿಸುವುದು. ಒಣಗಿದ ಬಟ್ಟೆಯ ಚೀಲದಲ್ಲಿ ಹಾಕಿ, ಭಾರ ಬೀಳದ ಹಾಗೆ ಹೆಗಲಿಗೆ ನೇತುಹಾಕಿಕೊಳ್ಳಿ. ಕಾಯಿಸಲು ಒಂದು ಕಟ್ಟು ಒಣಹುಲ್ಲು, ಹಳೇ ಪೇಪರು, ಬೆಂಕಿಪೊಟ್ಟಣವನ್ನು ಬೇರೆ ಚೀಲದಲ್ಲಿ, ವೈರಿನಿಂದ ದೂರ ಇಡಿ. ಫೈಬರಿನ ತಮಟೆ ಬಂದ ಮೇಲೆ ಮಳೆಯ ಚಿಂತೆ ಕಮ್ಮಿಯಾಗಿದೆ. ಆದರೆ ಆ ದನಿ ಒಣದನಿ. ಯಾವುದು ಬೇಕೆಂದು ಬಾರಿಸುವವರೇ ತೀರ್ಮಾನಿಸಲಿ. ಬಾರಿಸುವವರ ಕಿವಿಗೆ ಎರಡು ಉಂಡೆ ಇಯರ್‌ಪ್ಲಗ್ಗು ಡಬ್ಬಿಯಲ್ಲಿರಲಿ. ಆ ಕಿವಿಯೂ ಕಿವಿಯೇ.

ಸೌಂಡಿನವರು ಒಂದು ಮಾತು ಹೇಳುತ್ತಾರೆ: "ತಮಟೆ ಜೋರು, ಹಿಂದೆ ಕಳಿಸಿ." ಅರ್ಧ ನಿಜ. ತಮಟೆಗೆ ಮೈಕು ಬೇಡ, ಏಕತಾರಿಗೆ, ದಮ್ಮಡಿಗೆ, ದನಿಗೆ ಬೇಕು. ತಮಟೆ ಮೈಕಿನ ಮಗ್ಗುಲಿಗೆ ನಿಂತರೆ ಹಾಡಿನ ಮಾತು ಮುಳುಗುತ್ತದೆ. ಆದರೆ ಮೈಕಿನಿಂದ ದೂರ ಇಡುವುದು ಬೇರೆ, ಜನರಿಂದ ದೂರ ಇಡುವುದು ಬೇರೆ. ಮೈಕಿನ ಬೆನ್ನಿಗೆ, ಜನರ ಮುಂದಕ್ಕೆ, ಪಕ್ಕಕ್ಕೆ ಹತ್ತು ಹೆಜ್ಜೆ ಬಿಟ್ಟು ತಮಟೆಯವರನ್ನು ನಿಲ್ಲಿಸಿ. ದನಿಗೂ ತೊಂದರೆಯಿಲ್ಲ, ಮಾನಕ್ಕೂ ತೊಂದರೆಯಿಲ್ಲ. ೨೦೧೮ರಲ್ಲಿ ಚೆನ್ನೈಯಲ್ಲಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ವೇದಿಕೆ ಹತ್ತಿದಾಗ ಪರೈಯೂ ಗಿಟಾರೂ ಒಂದೇ ಸಾಲಿನಲ್ಲಿ ನಿಂತವು. ತಮಿಳುನಾಡಿಗೆ ಆದದ್ದು ನಮಗೇಕೆ ಆಗಬಾರದು?

*

ಕೊನೆಯ ಪ್ರಶ್ನೆ: ಹೊರುವವರು ಯಾರು?

ಕಾರ್ಯಕ್ರಮ ಮುಗಿಯಿತು. ಮುಖ್ಯ ಗಾಯಕ ಹಾರ ಹಾಕಿಸಿಕೊಂಡು, ಮುಖಂಡರ ಜೊತೆ ಕಾರಿನ ಕಡೆ ನಡೆಯುತ್ತಾನೆ. ವೈರು ಸುತ್ತುವವನು ತಂಡಕ್ಕೆ ಹೊಸದಾಗಿ ಸೇರಿದ ಹುಡುಗ. ಟ್ರಂಕು ಎತ್ತುವವನು ತಮಟೆಯವನು. ಎಂಜಲು ಲೋಟ ತೊಳೆದಿಡುವವಳು ಕೋರಸ್ಸಿನ ಹೆಣ್ಣುಮಗಳು. ವೇದಿಕೆಯ ಮೇಲೆ ಸಮಾನತೆ, ವೇದಿಕೆಯ ಹಿಂದೆ ವರ್ಣವ್ಯವಸ್ಥೆ! ಜಾತಿ ಎನ್ನುವುದು ಬರೀ ಕೆಲಸವನ್ನು ಹಂಚುವುದಿಲ್ಲ, ಕೆಲಸ ಮಾಡುವವರನ್ನೇ ಮೇಲೆ ಕೆಳಗೆಂದು ಒಡೆಯುತ್ತದೆ ಎಂದು ೧೯೩೬ರಲ್ಲೇ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ತೋರಿಸಿಕೊಟ್ಟರು. ಆ ಪುಸ್ತಕದ ಮೇಲೆ ಭಾಷಣ ಮಾಡಿ ಬಂದವನೇ ಟ್ರಂಕು ಮುಟ್ಟದೆ ನಡೆದರೆ, ಅವನು ಓದಿದ್ದು ಏನನ್ನು?

ಪಂಜಾಬಿನ ಬಂತ್ ಸಿಂಗ್ ಅವರನ್ನು ನೆನೆಯಿರಿ. ಮಾನಸಾ ಜಿಲ್ಲೆಯ ದಲಿತ ಹಾಡುಗಾರ, ಕೃಷಿ ಕೂಲಿಕಾರರ ಸಂಘಟಕ. ೨೦೦೬ರ ಜನವರಿಯಲ್ಲಿ ಮೇಲ್ಜಾತಿಯ ಗೂಂಡಾಗಳು ಹೊಡೆದ ಹೊಡೆತಕ್ಕೆ ಎರಡೂ ಕೈ, ಒಂದು ಕಾಲು ಕಳೆದುಕೊಂಡರು. ಹಾಡು ನಿಲ್ಲಲಿಲ್ಲ. ಕೈಯಿಲ್ಲದವರಿಗೆ ಮೈಕು ಹಿಡಿಯಲು ಇನ್ನೊಬ್ಬರ ಕೈ ಬೇಕು. ಆ ಮೈಕು ಹಿಡಿಯುವ ಕೈಯನ್ನು ಕೀಳು ಎನ್ನಬಲ್ಲಿರಾ? ಆ ಕೈ ಇಲ್ಲದೆ ಆ ಹಾಡು ಹತ್ತು ಮಾರು ಹೋಗುವುದಿಲ್ಲ.

ಆದ್ದರಿಂದ ಪ್ರತಿ ತಂಡದಲ್ಲೂ ಈ ನಿಯಮ ಬರಲಿ. ಸರದಿಯ ಮೇಲೆ ಎಲ್ಲರೂ ಕಟ್ಟಬೇಕು, ಎಲ್ಲರೂ ಹೊರಬೇಕು, ಮುಖ್ಯ ಗಾಯಕನಿಂದಲೇ ಶುರುವಾಗಬೇಕು. ಕೊನೆಯ ವೈರು ಟ್ರಂಕಿಗೆ ಬೀಳುವವರೆಗೆ ಯಾರಿಗೂ ಊಟ ಬಡಿಸಬಾರದು. ಗುಂಡಿ ತಿರುಗಿಸುವುದನ್ನು ಹೆಣ್ಣುಮಕ್ಕಳು ಕಲಿಯಬೇಕು. ಕೋರಸ್ಸಿಗೆ ಮಾತ್ರ ಅವರು, ಯಂತ್ರಕ್ಕೆ ಗಂಡಸರು ಎನ್ನುವುದು ಇನ್ನೊಂದು ಮನುಧರ್ಮ.

ದುಡ್ಡು ಎಲ್ಲಿಂದ ಎನ್ನುತ್ತೀರಿ. ಒಂದು ಜಯಂತಿಯ ಡಿಜೆಗೆ ಕೊಡುವ ಬಾಡಿಗೆಯನ್ನು ವಿಚಾರಿಸಿ, ಒಂದು ಸಣ್ಣ ಬ್ಯಾಟರಿ ಬಾಕ್ಸಿನ ಬೆಲೆಯನ್ನೂ ವಿಚಾರಿಸಿ, ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಒಂದು ಕೇರಿಗೆ ಆಗದಿದ್ದರೆ ಹೋಬಳಿಯ ಹತ್ತು ಕೇರಿ ಸೇರಿ ಒಂದು ಪೆಟ್ಟಿಗೆ ಮಾಡಿ. ಒಬ್ಬ ನಂಬಿಕಸ್ಥ ಮೇಷ್ಟ್ರ ಮನೆಯಲ್ಲಿರಲಿ, ಒಂದು ರಿಜಿಸ್ಟರಿರಲಿ, ತಗೊಂಡವರು ಸಹಿ ಹಾಕಿ ತಗೊಳ್ಳಲಿ, ಚಾರ್ಜು ಮಾಡಿ ವಾಪಸು ಕೊಡಲಿ. ಕೂಲಿ ಹೆಂಗಸರ ಸಭೆಗೂ ಅದೇ ಪೆಟ್ಟಿಗೆ, ಸತ್ತವರ ತಿಥಿಯ ತತ್ವಪದಕ್ಕೂ ಅದೇ ಪೆಟ್ಟಿಗೆ, ಶಾಲೆ ಮಕ್ಕಳ ಹಾಡಿಗೂ ಅದೇ ಪೆಟ್ಟಿಗೆ. ಊರಿನ ಅಂಗಡಿಯವನಿಗೂ ಒಂದು ದಿನ ನಿಜವಾಗಿಯೂ ಆಂಪ್ಲಿಫೈರು ಸುಟ್ಟರೆ, ಬಂದು ಕೇಳಲಿ. ನಾವು ಕೊಡುತ್ತೇವೆ. ಯಾವ ಜಾತಿ ಎಂದು ಕೇಳುವುದಿಲ್ಲ, ರಿಜಿಸ್ಟರಿನಲ್ಲಿ ಸಹಿ ಮಾತ್ರ ಕೇಳುತ್ತೇವೆ.

ಗೆಳೆಯರೇ, ಹೊಸ ಹಾಡು ಕಟ್ಟುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಾಮಾನು ಕಟ್ಟುವವರು ಬೇಕಾಗಿದ್ದಾರೆ. ಮುಂದಿನ ಸಭೆಯಲ್ಲಿ ಹಾಡಿನ ಪಟ್ಟಿ ಮಾಡುವುದಕ್ಕೆ ಮೊದಲು ಸಾಮಾನಿನ ಪಟ್ಟಿ ಮಾಡಿ. ಅದರ ಎದುರಿಗೆ ಹೊರುವವರ ಹೆಸರು ಬರೆಯಿರಿ. ಮೊದಲ ಹೆಸರು ಅಧ್ಯಕ್ಷರದ್ದಾಗಿರಲಿ.